ತಮಾ, ನಿನ್ನ ಬ್ಯಾಗಲ್ಲಿದ್ದ ಆ ಗುಳಿಗೆ ಸ್ಟ್ರಿಪ್ ಬಗ್ಗೆ

ಚಿರಂಜೀವಿ ತಮಂಗೆ ಕಾರವಾರದಿಂದ ಅತ್ತೆಯ ಆಶೀರ್ವಾದ. ಇಲ್ಲಿ ಎಲ್ಲ ಆರಾಮ, ಮಳೆ ಮಾತ್ರ ಇನ್ನೂ ಬಿಟ್ಟಿಲ್ಲ, ಒಗೆದ ಬಟ್ಟೆ 3 ದಿನ ಆದ್ರೂ ಹಸಿ ಹಸಿ.

ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂದು ಇಟ್ಬಿಡ್ತೀಯ, ಅದಕ್ಕೇ ಬರೀತಾ ಇದ್ದೇನೆ, ಪೂರ್ತಿ ಓದು. ಚೌತಿಗೆ ಬಂದಾಗ ನಿನ್ನ ಬ್ಯಾಗಿಂದ ಟವೆಲ್ ತೆಗೀವಾಗ ಆ್ಯಂಟಿಬಯಾಟಿಕ್ ಗುಳಿಗೆದು 2 ಸ್ಟ್ರಿಪ್ ಸಿಕ್ಕಿತ್ತು, ಒಂದು ಅಜಿತ್ರೋಮೈಸಿನ್ 500, 3ರಲ್ಲಿ ಒಂದೇ ಉಳಿದದ್ದು, ಇನ್ನೊಂದು ಅಮಾಕ್ಸಿಸಿಲಿನ್ ಕ್ಲಾವುಲಾನಿಕ್, ಅದರಲ್ಲಿ 4 ಉಳಿದದ್ದು. ಕೇಳಿದ್ದಕ್ಕೆ "ಸೈನಸ್ ಗೆ ಅತ್ತೆ, ಥಂಡಿ ಆದಾಗೆಲ್ಲ ತಗೊಳ್ತೇನೆ, ಮೆಡಿಕಲ್ ನವ್ರೇ ಕೊಡ್ತಾರೆ" ಅಂದೆ. ಆಮೇಲೆ ಗೊತ್ತಾಯ್ತು, ಪುಟ್ಟಿ ಗಂಟಲು ನೋವು ಅಂದ ಕೂಡ್ಲೆ ಅವಳಿಗೂ ಅದರಲ್ಲೇ 2 ಕೊಟ್ಟೆಯಂತೆ. ಅವತ್ತು ಮನೆ ತುಂಬ ನೆಂಟರು, ನಾನು ಏನೂ ಅನ್ಲಿಲ್ಲ, ಆದ್ರೆ ಅವತ್ತಿಂದ ನಂಗೆ ಸಮಾಧಾನ ಇಲ್ಲ ತಮಾ.

ಊರ ಮನೇಲಿ ದೇವರ ಕೋಣೆ ಬಾಗಿಲ ಮೇಲೆ ನಿನ್ನ ದೊಡ್ಡಪ್ಪನ ಫೋಟೋ ಇದೆಯಲ್ಲ, ನೀನು ಅವನನ್ನ ಕಂಡದ್ದು ಫೋಟೋದಲ್ಲಿ ಮಾತ್ರ. ಅವನಿಗೆ 10 ವರ್ಷ ಇದ್ದಾಗ ಆಷಾಢದ ಮಳೇಲಿ ಗಂಟಲು ಊದಿ ಜ್ವರ ಬಂತು, ಅಪ್ಪಯ್ಯ ಸಿರ್ಸಿಗೆ ಕರ್ಕೊಂಡು ಹೋಗಿ ತೋರಿಸಿದ್ರು, ಡಾಕ್ಟ್ರು 10 ದಿನಕ್ಕೆ ಪೆನಿಸಿಲಿನ್ ಗುಳಿಗೆ ಕೊಟ್ರು. 3ನೇ ದಿನಕ್ಕೆ ಜ್ವರ ಬಿಡ್ತು, ಹುಡುಗ ಗಂಜಿ ಉಂಡ, ಅಂಗಳಕ್ಕೆ ಆಡೋಕೆ ಹೋದ. ಆಯಿ ಉಳಿದ ಗುಳಿಗೆನ ಒಂದು ಡಬ್ಬಿಗೆ ಹಾಕಿ ನಾಗಂದಿಗೆ ಮೇಲೆ ಇಟ್ರು, ಮತ್ತೆ ಯಾರಿಗಾದ್ರೂ ಬೇಕಾಗ್ತದೆ ಅಂತ. 3 ವಾರ ಆದ್ಮೇಲೆ ಅವನ ಮೊಣಕಾಲು ಊದಿತು, ಅದು ಇಳೀತು ಅನ್ನುವಷ್ಟರಲ್ಲಿ ಪಾದದ ಗಂಟು, ಆಮೇಲೆ ಮೊಣಕೈ, ಕೀಲಿಂದ ಕೀಲಿಗೆ ಹರಿದಾಡೋ ನೋವು. ಅಪ್ಪಯ್ಯ ಅವನನ್ನ ಬೆನ್ನ ಮೇಲೆ ಹೊತ್ಕೊಂಡು ಸಂಕ ದಾಟಿದ್ದು ನಂಗೆ ಇವತ್ತಿಗೂ ಕಣ್ಣಲ್ಲಿದೆ. ರುಮ್ಯಾಟಿಕ್ ಜ್ವರ ಅಂದ್ರು, ಆ ಗಂಟಲು ಸೋಂಕಿನ ಬೆನ್ನಿಗೇ ಬರೋದು, ಹಾರ್ಟಿನ ವಾಲ್ವ್ ಹಾಳಾಗಿತ್ತು. ಆಮೇಲೆ ವರ್ಷಗಟ್ಟಲೆ 21 ದಿನಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್, ಹಾಕಿಸ್ಕೊಂಡ ದಿನ ಕೂತ್ಕೊಳ್ಳೋಕೆ ಆಗ್ತಿರ್ಲಿಲ್ಲ ಅವನಿಗೆ. 29ಕ್ಕೆ ಹೋದ. ಆಯಿದು ತಪ್ಪು ಅಂತ ಯಾವತ್ತೂ ಅನ್ನಲ್ಲ ನಾನು, ಜ್ವರ ಬಿಟ್ರೂ ಗುಳಿಗೆ ಪೂರ್ತಿ ಮುಗಿಸ್ಬೇಕು ಅಂತ ಅವರಿಗೆ ಯಾರೂ ಬಿಡಿಸಿ ಹೇಳಿರ್ಲಿಲ್ಲ. ನಿಂಗೆ ಹೇಳೋಕೆ ನಾನಿದ್ದೇನೆ.

ಆ ಗಂಟಲು ನೋವು ಮಾಡಿದ್ದು ಸ್ಟ್ರೆಪ್ಟೋಕಾಕಸ್ ಪಯೋಜೆನಿಸ್ ಅನ್ನೋ ಬ್ಯಾಕ್ಟೀರಿಯಾ. ಲ್ಯಾಬಲ್ಲಿ ಇದ್ದಷ್ಟು ವರ್ಷ ಅದನ್ನ ನೋಡಿದ್ದೇನೆ, ಗಂಟಲಿಂದ ಹತ್ತಿ ಕಡ್ಡೀಲಿ ತೆಗೆದದ್ದನ್ನ ಕುರಿ ರಕ್ತ ಬೆರೆಸಿದ ಕೆಂಪು ಪ್ಲೇಟಿಗೆ ಎಳೆದು ರಾತ್ರಿ ಇಟ್ರೆ ಬೆಳಿಗ್ಗೆ ಸಾಸಿವೆಗಿಂತ ಸಣ್ಣ ಚುಕ್ಕೆ, ಪ್ರತಿ ಚುಕ್ಕೆ ಸುತ್ತ ರಕ್ತ ಕರಗಿ ತಿಳಿಯಾಗಿರ್ತದೆ, ಬೆಳಕಿಗೆ ಹಿಡಿದ್ರೆ ಆಚೆ ಕಾಣ್ತದೆ. ಆಮೇಲೆ ಬೇರೆ ಪ್ಲೇಟಲ್ಲಿ ಅದನ್ನೇ ಸವರಿ ಮೇಲೆ ಔಷಧದ ಬಿಲ್ಲೆ ಇಡೋದು, ಕಾಗದದ್ದು, ಅಂಗಿ ಗುಂಡಿಗಿಂತ ಸಣ್ಣದು. ಔಷಧ ನಾಟಿದ್ರೆ ಬಿಲ್ಲೆ ಸುತ್ತ ಏನೂ ಬೆಳೆಯಲ್ಲ, ದುಂಡಗೆ ಖಾಲಿ ಜಾಗ. ಪೆನಿಸಿಲಿನ್ ಬಿಲ್ಲೆ ಸುತ್ತ ಈ ಬ್ಯಾಕ್ಟೀರಿಯಾಕ್ಕೆ ಯಾವಾಗ್ಲೂ ದೊಡ್ಡ ಖಾಲಿ ಜಾಗ ಬರ್ತಿತ್ತು. ಇವತ್ತಿಗೂ ಅದು ಪೆನಿಸಿಲಿನ್ ಗೆ ಬಗ್ಗತ್ತೆ, ಅಷ್ಟು ಹಳೇ ಔಷಧ, ಅಷ್ಟು ಅಗ್ಗದ್ದು. ಆದ್ರೆ ಎರಿಥ್ರೋಮೈಸಿನ್ ಬಿಲ್ಲೆ, ಅಂದ್ರೆ ನಿನ್ನ ಅಜಿತ್ರೋಮೈಸಿನ್ ಜಾತಿದು, ಅದರ ಬುಡದ ತನಕ ದಟ್ಟವಾಗಿ ಬೆಳೆದು ನಿಂತ ಪ್ಲೇಟು ಎಷ್ಟೋ ಕಂಡಿದ್ದೇನೆ. ಇನ್ನೊಂದು ಕಂಡಿದ್ದೇನೆ, ಆ ಬಿಲ್ಲೆ ಪಕ್ಕ ಕ್ಲಿಂಡಾಮೈಸಿನ್ ಅನ್ನೋ ಬೇರೆ ಔಷಧದ ಬಿಲ್ಲೆ ಇಟ್ರೆ ಕ್ಲಿಂಡಾಮೈಸಿನ್ ಸುತ್ತಿನ ದುಂಡು ಜಾಗ ಎರಿಥ್ರೋಮೈಸಿನ್ ಕಡೆ ಮಾತ್ರ ಚಪ್ಪಟೆ, ಹೋಳು ಮಾಡಿದ ಅಡಿಕೆ ಥರ. ಒಂದು ಔಷಧದ ವಾಸನೆ ಬಡಿದ ಕೂಡ್ಲೆ ಆ ಬ್ಯಾಕ್ಟೀರಿಯಾ ತನ್ನೊಳಗೆ ಔಷಧ ಹಿಡಿಯೋ ಜಾಗವನ್ನೇ ಬದಲು ಮಾಡ್ಕೊಂಡು ಇನ್ನೊಂದಕ್ಕೂ ತಯಾರಾಗಿ ನಿಂತಿರ್ತದೆ. ಮೊದಲ ಸಲ ಅದನ್ನ ನೋಡಿದಾಗ ನಾನು ಸುಮಾರು ಹೊತ್ತು ಪ್ಲೇಟ್ ಕೆಳಗಿಡ್ಲಿಲ್ಲ.

ಈಗ ನಿನ್ನ ಸೈನಸ್ ವಿಷಯಕ್ಕೆ ಬರ್ತೇನೆ. ಹಣೆ ಭಾರ, ಕೆನ್ನೆ ಒಳಗೆ ನೋವು, ಹಸಿರು ಸಿಂಬಳ, ಅದಕ್ಕೇ ಆ್ಯಂಟಿಬಯಾಟಿಕ್ ಅಂದೆ. ಹಸಿರು ಬಣ್ಣ ಬರೋದು ನಮ್ಮದೇ ಬಿಳಿ ರಕ್ತಕಣದಿಂದ ಮಾರಾಯ, ವೈರಸ್ ಥಂಡಿಗೂ 3-4ನೇ ದಿನ ಹಾಗೇ ಬರ್ತದೆ. 100 ಥಂಡಿಲಿ ಹೆಚ್ಚಂದ್ರೆ 2 ಬ್ಯಾಕ್ಟೀರಿಯಾ ಸೈನಸ್ ಆಗ್ಬಹುದು, ಉಳಿದದ್ದಕ್ಕೆ ಆ ಗುಳಿಗೆ ಏನೂ ಮಾಡಲ್ಲ. ನೀನು ಗುಳಿಗೆ ನುಂಗಿದ್ದಕ್ಕೆ ವಾಸಿ ಆಯ್ತು ಅಂದ್ಕೊಂಡದ್ದು ತಾನಾಗೇ ವಾಸಿ ಆಗೋ ಥಂಡಿ. ಆದ್ರೆ ಮೂಗು ಗಂಟಲಲ್ಲಿ ಸುಮ್ನೆ ವಾಸ ಮಾಡ್ಕೊಂಡಿರೋ ಬೇರೆ ಬ್ಯಾಕ್ಟೀರಿಯಾಗಳ ಮೇಲೆ ಅದು ಕೆಲಸ ಮಾಡ್ತದೆ, ಬಗ್ಗೋವು ಸಾಯ್ತವೆ, ಬಗ್ಗದವು ಆ ಜಾಗ ಹಿಡೀತವೆ. ಅಜಿತ್ರೋಮೈಸಿನ್ ಅಂತೂ ಮೈಯಲ್ಲಿ ಅರ್ಧಕ್ಕೆ ಇಳಿಯೋಕೇ ಸುಮಾರು 68 ಗಂಟೆ ಬೇಕು, ನೀನು ನಿಲ್ಲಿಸಿದ ಮೇಲೂ ಎಷ್ಟೋ ದಿನ ಸ್ವಲ್ಪ ಸ್ವಲ್ಪ ಇದ್ದು ಅವಕ್ಕೆ ಅಭ್ಯಾಸ ಮಾಡಿಸ್ತದೆ. ಸೈನಸ್ ಮಾಡೋ ನ್ಯುಮೋಕಾಕಸ್ ಅಂತೂ ಪಕ್ಕದ ಬ್ಯಾಕ್ಟೀರಿಯಾ ಸತ್ತು ಬಿದ್ರೆ ಅದರ ಡಿಎನ್ಎ ತುಂಡನ್ನೂ ಎತ್ಕೊಂಡು ತನ್ನದು ಮಾಡ್ಕೊಳ್ತದೆ. ಸೈನಸ್ ಮಾಡೋ ಬೇರೆ ಬ್ಯಾಕ್ಟೀರಿಯಾ ಹೀಮೋಫಿಲಸ್, ಮೊರಾಕ್ಸೆಲ್ಲಾ ಇವುಗಳಲ್ಲಿ ಎಷ್ಟೋ ಅಮಾಕ್ಸಿಸಿಲಿನ್ ನ ಕತ್ತರಿಸಿ ಹಾಕೋ ಎನ್ಜೈಮ್ ತಯಾರು ಮಾಡ್ತವೆ, ಅದನ್ನ ತಡೆಯೋಕೇ ನಿನ್ನ ಇನ್ನೊಂದು ಸ್ಟ್ರಿಪ್ಪಲ್ಲಿ ಕ್ಲಾವುಲಾನಿಕ್ ಸೇರಿಸಿದ್ದು.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಇದನ್ನ ಹೇಳಿ ಹೋಗಿದ್ದಾರೆ, ಅದೂ ಗಂಟಲು ನೋವಿನ ಉದಾಹರಣೆ ಕೊಟ್ಟು. ಒಬ್ಬ ತಾನೇ ಔಷಧ ತಂದು ಸಾಕಾಗದಷ್ಟು ತಗೊಳ್ತಾನೆ, ಬಗ್ಗದ ರೋಗಾಣು ಹೆಂಡತಿಗೆ ಹತ್ತುತ್ತದೆ, ಆಗ ಅವಳಿಗೆ ಔಷಧ ನಾಟಲ್ಲ, ಹೀಗೆ. ಓದಿದಾಗ ನಂಗೆ ನೆನಪಾದದ್ದು ಪುಟ್ಟಿ. ಮುಂದೆ ಅವಳಿಗೆ ನಿಜವಾಗ್ಲೂ ಬೇಕಾದ ದಿನ ಔಷಧ ಕೆಲಸ ಮಾಡ್ಬೇಕಲ್ಲ. 2019 ಒಂದೇ ವರ್ಷ ಹೀಗೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದ್ಲೇ ಜಗತ್ತಲ್ಲಿ ಸುಮಾರು 12.7 ಲಕ್ಷ ಜನ ಸತ್ರು ಅಂತ ಅಂದಾಜು ಮಾಡಿದ್ದಾರೆ.

ಆ್ಯಂಟಿಬಯಾಟಿಕ್ ಬೇಡವೇ ಬೇಡ ಅಂತಲ್ಲ ನಾನು ಹೇಳೋದು, ದೊಡ್ಡಪ್ಪನ ಕಥೆ ಹೇಳಿದ್ದೇ ಅದಕ್ಕೆ. ಥಂಡಿ 10 ದಿನ ದಾಟಿದ್ರೂ ಕಮ್ಮಿ ಆಗ್ಲಿಲ್ಲ, ಅಥವಾ ಕಮ್ಮಿ ಆದದ್ದು ಮತ್ತೆ ಜೋರಾಯ್ತು, ಅಥವಾ ಜೋರು ಜ್ವರದ ಜೊತೆ ಮುಖ ನೋವು 3-4 ದಿನ ಇಳೀಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗು. ಕಣ್ಣ ಸುತ್ತ ಊದಿದ್ರೆ, ಕುತ್ತಿಗೆ ಬಿಗಿದ್ರೆ, ಬಾಯಿ ತೆಗೆಯೋಕೆ ಅಥವಾ ಉಸಿರಾಡೋಕೆ ಕಷ್ಟ ಆದ್ರೆ ಒಂದು ಗಳಿಗೆನೂ ಕಾಯ್ಬೇಡ. ಪುಟ್ಟಿಗೆ ಜ್ವರ ಇದ್ದು, ಕತ್ತಿನ ಗಂಟು ಊದಿ, ಕೆಮ್ಮು ಥಂಡಿ ಏನೂ ಇಲ್ಲದೆ ಬರೀ ಗಂಟಲು ನೋವು ಅಂದ್ರೆ ಸ್ವಾಬ್, ಅಂದ್ರೆ ಆ ಹತ್ತಿ ಕಡ್ಡಿ ಪರೀಕ್ಷೆ, ಮಾಡಿಸ್ಬೇಕು, ಮಕ್ಕಳ ಗಂಟಲು ನೋವಲ್ಲಿ 100ಕ್ಕೆ 20-30 ಆ ಸ್ಟ್ರೆಪ್ ಇರ್ತದೆ. ಸ್ಟ್ರೆಪ್ ಅಂತ ಪೆನಿಸಿಲಿನ್ ಆಗ್ಲಿ ಅಮಾಕ್ಸಿಸಿಲಿನ್ ಆಗ್ಲಿ ಬರೆದುಕೊಟ್ರೆ 10 ದಿನ ಅಂದ್ರೆ 10 ದಿನ, ಜ್ವರ ಬಿಟ್ರೂ ಕೂಡ. ಸೈನಸ್ ಗೆ ಈಗ 5-7 ದಿನ ಸಾಕು ಅಂತಾರೆ, ಎಷ್ಟು ದಿನ ಅನ್ನೋದನ್ನ ನೋಡಿದ ಡಾಕ್ಟರ್ ಹೇಳ್ಲಿ.

ಅಲ್ಲಿ ತನಕ ಹಬೆ ತಗೋ, ಮೂಗು ತೊಳೆಯೋದಾದ್ರೆ ಕುದಿಸಿ ಆರಿಸಿದ ಉಪ್ಪುನೀರೇ ಆಗ್ಬೇಕು, ಬಿಸಿ ಬಿಸಿ ಸಾರು ಕುಡಿ, ಎಸಿ ಕೆಳಗೆ ಮಲಗ್ಬೇಡ. ಊರಿಂದ ಬಂದ ಜೀರಿಗೆ ಕಷಾಯದ ಪುಡಿ ನಾಳೆ ರಾತ್ರಿ ಬಸ್ಸಿಗೆ ಕೊಡ್ತೇನೆ, ಡಬ್ಬಿ ಮೇಲೆ ನಿನ್ನ ಹೆಸರಿದೆ. ನೀನು ಖಾಲಿ ಡಬ್ಬಿ ವಾಪಸ್ ಕಳಿಸ್ವಾಗ ಆ ಉಳಿದ 5 ಗುಳಿಗೆನ ಅದರಲ್ಲೇ ಹಾಕಿ ಕಳಿಸು ತಮಾ, ನಿನ್ನ ಬ್ಯಾಗಲ್ಲಿ ಅವು ಇರೋದು ಬೇಡ.

ನಿನ್ನ ಪ್ರೀತಿಯ
ಅತ್ತೆ