ಶೇ 30 ಜಾಸ್ತಿ ಅಂದರೆ ಯಾವುದಕ್ಕಿಂತ ಜಾಸ್ತಿ?

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ಸಂಶೋಧನೆಯ ಸುದ್ದಿ ಬಂದರೆ ನಾನು ಮೊದಲು ಹುಡುಕುವುದು ಒಂದೇ ಒಂದು ಸಾಲನ್ನು. ಹೊಸ ತಳಿ ಶೇ 30ರಷ್ಟು ಜಾಸ್ತಿ ಇಳುವರಿ ಕೊಟ್ಟಿತು, ಹೊಸ ಕಲಿಕಾ ವಿಧಾನದಿಂದ ಮಕ್ಕಳ ಅಂಕ ಏರಿತು, ತರಬೇತಿ ಕೊಟ್ಟ ಮೇಲೆ ನೌಕರರ ಕೆಲಸ ಚುರುಕಾಯಿತು, ಹೀಗೆಲ್ಲ ಬರೆದಿರುತ್ತದೆ. ಸರಿ, ಯಾವುದಕ್ಕಿಂತ? ಹೋದ ವರ್ಷಕ್ಕಿಂತಲೋ, ಪಕ್ಕದ ಹೊಲಕ್ಕಿಂತಲೋ, ಏನೂ ಮಾಡದೆ ಬಿಟ್ಟವರಿಗಿಂತಲೋ? ಆ ಸಾಲು ಬಹಳ ಸಲ ಇರುವುದೇ ಇಲ್ಲ. ಅದಿಲ್ಲದಿದ್ದರೆ ಉಳಿದ ಸಂಖ್ಯೆಗಳನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು ಹೇಳಿ.

ನನ್ನ ಕೆಲಸ ಸಂಶೋಧಕರು ತರುವ ಅಂಕಿಅಂಶ ನೋಡಿ ಲೆಕ್ಕ ಮಾಡಿಕೊಡುವುದು. ಒಂದು ದಿನ ಬೆಳೆ ಪ್ರಯೋಗ ಮಾಡುವವರು ಬರುತ್ತಾರೆ, ಮರುದಿನ ಶಿಕ್ಷಣದವರು, ಆಮೇಲೆ ವ್ಯಾಪಾರದ ಕಡೆಯವರು, ಲ್ಯಾಬ್‌ನವರು. ಒಬ್ಬೊಬ್ಬರ ಭಾಷೆಯೂ ಬೇರೆ. ಆದರೆ ಎದುರು ಕೂತು ಮಾತಾಡಿದರೆ ಎಲ್ಲರ ತೊಡಕೂ ಒಂದೇ: ಈ ಬದಲಾವಣೆ ನಾವು ಮಾಡಿದ್ದರಿಂದ ಆಯಿತಾ, ಇಲ್ಲ ತಾನಾಗಿಯೇ ಆಗುತ್ತಿತ್ತಾ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಹೊಲದಲ್ಲಿ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಯಾವ ಹೊಲವೂ ಒಂದೇ ಸಮ ಇರುವುದಿಲ್ಲ. ಒಂದು ಮೂಲೆಯಲ್ಲಿ ನೀರು ನಿಲ್ಲುತ್ತದೆ, ಇನ್ನೊಂದು ಕಡೆ ಮಣ್ಣು ತೆಳು, ಮರದ ನೆರಳು ಬಿದ್ದ ಕಡೆ ಬೇರೆ ಕಥೆ. ಹೊಸ ತಳಿಯನ್ನು ಫಲವತ್ತಾದ ಬದಿಗೆ ಹಾಕಿ, ಹಳೆಯದನ್ನು ಮಣ್ಣು ತೆಳುವಾದ ಬದಿಗೆ ಹಾಕಿದರೆ ಗೆದ್ದದ್ದು ತಳಿಯೋ ಮಣ್ಣೋ ಯಾರಿಗೂ ಗೊತ್ತಾಗುವುದಿಲ್ಲ. ಸಂಶೋಧಕರು ಬೇಕೆಂದೇ ಹಾಗೆ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ತಾವು ವರ್ಷಗಟ್ಟಲೆ ಕಷ್ಟಪಟ್ಟು ಬೆಳೆಸಿದ ತಳಿಗೆ ಒಳ್ಳೆಯ ಜಾಗ ಕೊಡಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಕೈ ತಾನಾಗಿ ಅತ್ತ ಹೋಗುತ್ತದೆ.

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಗೋಧಿಯ ಪ್ರಯೋಗ ನಡೆದುಕೊಂಡು ಬಂದಿದೆ. ಅಲ್ಲಿ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಲೆಕ್ಕ ರಾಶಿ ಬಿದ್ದಿದ್ದಾಗ, 1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರನ್ನು ಕೆಲಸಕ್ಕೆ ಕರೆದುಕೊಂಡರು. ಅವರು ತೋರಿಸಿಕೊಟ್ಟ ದಾರಿ ಹೇಳಲು ಸುಲಭ. ಹೊಲವನ್ನು ಕೆಲವು ಭಾಗ ಮಾಡಿ, ಪ್ರತಿ ಭಾಗದಲ್ಲೂ ಎಲ್ಲ ತಳಿಗಳೂ ಒಂದೊಂದು ತಾಕಿನಲ್ಲಿ ಇರಲಿ. ಯಾವ ತಾಕಿಗೆ ಯಾವ ತಳಿ ಎಂಬುದನ್ನು ಮನುಷ್ಯ ತೀರ್ಮಾನ ಮಾಡಬಾರದು, ಚೀಟಿ ಎತ್ತಬೇಕು. ಹಾಗೆ ಮಾಡಿದರೆ ಮಣ್ಣಿನ ಏರುಪೇರು ಯಾವ ತಳಿಯ ಕಡೆಗೂ ಪಕ್ಷಪಾತ ಮಾಡುವುದಿಲ್ಲ. ಒಂದೇ ತಳಿಯನ್ನು ಹಲವು ತಾಕುಗಳಲ್ಲಿ ಬೆಳೆದಿರುವುದರಿಂದ ಸುಮ್ನೆ ಮಣ್ಣಿನಿಂದಲೇ ಎಷ್ಟು ವ್ಯತ್ಯಾಸ ಬರುತ್ತದೆ ಎಂಬ ಅಳತೆಯೂ ಕೈಗೆ ಸಿಗುತ್ತದೆ. ಆ ಅಳತೆಗಿಂತ ತಳಿಗಳ ನಡುವಿನ ಅಂತರ ಸ್ಪಷ್ಟವಾಗಿ ದೊಡ್ಡದಿದ್ದರೆ ಆಗ ಮಾತಾಡಬಹುದು. ಇಷ್ಟು ಸರಳವಾದದ್ದನ್ನು ಅಷ್ಟು ವರ್ಷ ಯಾರೂ ಹೀಗೆ ಜೋಡಿಸಿ ಹೇಳಿರಲಿಲ್ಲ ಅಂತ ನೆನೆದಾಗ ನನಗೆ ಇವತ್ತಿಗೂ ಅಚ್ಚರಿಯಾಗುತ್ತದೆ.

ಇನ್ನು ಅಳೆಯುವ ಕೆಲಸ. ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ತಾಕಿನ ಅಂಚಿನ ಸಾಲುಗಳಿಗೆ ಬಿಸಿಲು ಜಾಸ್ತಿ, ಪೈಪೋಟಿ ಕಡಿಮೆ, ಆದ್ದರಿಂದ ಅವು ಸೊಂಪಾಗಿ ಬೆಳೆಯುತ್ತವೆ. ಅವನ್ನು ಬಿಟ್ಟು ಒಳಗಿನ ಸಾಲುಗಳನ್ನು ಮಾತ್ರ ತೂಗಬೇಕು. ಕಾಳು ಹಸಿ ಇದ್ದರೆ ತೂಕ ಏರುತ್ತದೆ, ಎಲ್ಲವನ್ನೂ ಒಂದೇ ತೇವಾಂಶದ ಲೆಕ್ಕಕ್ಕೆ ತರಬೇಕು. ತಾಕು 10 ಚದರ ಮೀಟರ್ ಇದೆ ಅಂದುಕೊಳ್ಳಿ, ಹೆಕ್ಟೇರಿಗೆ ಲೆಕ್ಕ ಹಾಕಲು ಅದನ್ನು 1,000ದಿಂದ ಗುಣಿಸುತ್ತೇವೆ. ಅಂದರೆ ತಕ್ಕಡಿಯಲ್ಲಿ 100 ಗ್ರಾಂ ತಪ್ಪಾದರೆ ವರದಿಯಲ್ಲಿ ಹೆಕ್ಟೇರಿಗೆ ಒಂದು ಕ್ವಿಂಟಲ್ ತಪ್ಪು! ಒಂದು ಹಿಡಿ ಕಾಳು ಆ ಕಡೆ ಈ ಕಡೆ ಆದರೆ ಸಾಕು. ಇದು ಗೊತ್ತಿದ್ದವರು, ಒಂದೇ ತಾಕಿನಿಂದ ಬಂದ ದಾಖಲೆ ಇಳುವರಿಯ ಸುದ್ದಿ ಓದಿದಾಗ ಸ್ವಲ್ಪ ತಡೆದು ನೋಡುತ್ತಾರೆ.

ಹೊಲದ ಈ ಪಾಠವನ್ನೇ ಶಾಲೆಗೆ ತಂದರು. ಆದರೆ ಶಾಲೆಯಲ್ಲಿ ಒಂದು ತೊಡಕಿದೆ. ತಾಕುಗಳು ಒಂದಕ್ಕೊಂದು ಮಾತಾಡುವುದಿಲ್ಲ, ಮಕ್ಕಳು ಮಾತಾಡುತ್ತಾರೆ. ಒಂದೇ ತರಗತಿಯ ನಲವತ್ತು ಮಕ್ಕಳಿಗೆ ಒಬ್ಬರೇ ಶಿಕ್ಷಕರು, ಒಂದೇ ಗದ್ದಲ, ಒಂದೇ ವೇಳಾಪಟ್ಟಿ. ಹಾಗಾಗಿ ಅವರನ್ನು ನಲವತ್ತು ಬೇರೆ ಬೇರೆ ಪ್ರಯೋಗ ಅಂತ ಎಣಿಸಲಾಗದು. ನನ್ನ ಹತ್ತಿರ ಬರುವ ವರದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ಒಂದು ಶಾಲೆಯ 200 ಮಕ್ಕಳಿಗೆ ಹೊಸ ವಿಧಾನ, ಇನ್ನೊಂದು ಶಾಲೆಯ 200 ಮಕ್ಕಳಿಗೆ ಹಳೆಯದು, ಒಟ್ಟು 400 ಜನರ ಅಧ್ಯಯನ ಅಂತ ಬರೆದಿರುತ್ತಾರೆ. ಅಲ್ಲ, ಅದು ಎರಡು ಶಾಲೆಗಳ ಅಧ್ಯಯನ. ಮೊದಲನೆಯ ಶಾಲೆಯ ಶಿಕ್ಷಕರು ಒಳ್ಳೆಯವರಿದ್ದರೆ ವಿಧಾನ ಯಾವುದಾದರೂ ಅಂಕ ಬರುತ್ತಿತ್ತು. ಇದನ್ನು ಹೇಳಿದಾಗ ಸಂಶೋಧನಾ ವಿದ್ಯಾರ್ಥಿಗಳ ಮುಖ ಬಾಡುವುದನ್ನು ನೋಡಿ ನನಗೂ ಸಂಕಟವಾಗುತ್ತದೆ, ಎರಡು ವರ್ಷದ ಶ್ರಮ ಅದು. ಮೊದಲೇ ಬಂದು ಕೇಳಿದ್ದರೆ ಅಷ್ಟೇ ಶ್ರಮದಲ್ಲಿ ಹತ್ತು ಶಾಲೆಗಳಿಂದ ನಲವತ್ತು ನಲವತ್ತು ಮಕ್ಕಳನ್ನು ತೆಗೆದುಕೊಳ್ಳಿ ಅನ್ನುತ್ತಿದ್ದೆ.

ಸರಿಯಾಗಿ ಮಾಡಿದ್ದೂ ಇದೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ತರಗತಿಯಲ್ಲಿ ಮಕ್ಕಳು ಕಡಿಮೆ ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತದಾ ಎಂಬುದು ಪ್ರಶ್ನೆ. 79 ಶಾಲೆಗಳು ಸೇರಿದವು. ಪ್ರತಿ ಶಾಲೆಯ ಒಳಗೇ ಮಕ್ಕಳನ್ನೂ ಶಿಕ್ಷಕರನ್ನೂ ಚೀಟಿ ಎತ್ತಿದ ಹಾಗೆ ಹಂಚಿದರು, 13ರಿಂದ 17 ಮಕ್ಕಳ ಸಣ್ಣ ತರಗತಿ ಒಂದು ಬಗೆ, 22ರಿಂದ 25 ಮಕ್ಕಳ ಮಾಮೂಲಿ ತರಗತಿ ಇನ್ನೊಂದು ಬಗೆ, ಮಾಮೂಲಿ ತರಗತಿಗೇ ಒಬ್ಬ ಸಹಾಯಕರನ್ನು ಕೊಟ್ಟದ್ದು ಮೂರನೆಯದು. ನಾಲ್ಕು ವರ್ಷ ನಡೆಸಿದರು. ಸಣ್ಣ ತರಗತಿಯ ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಮುಂದಿದ್ದರು. ಆ ಫಲಿತಾಂಶದ ಬಗ್ಗೆ ಇಷ್ಟು ವರ್ಷವಾದರೂ ಜನ ಮಾತಾಡುತ್ತಿರುವುದು ಮಕ್ಕಳನ್ನು ಹಂಚಿದ ರೀತಿಯಿಂದಾಗಿ. ಪ್ರತಿ ಶಾಲೆಯೂ ಹೊಲದ ಒಂದೊಂದು ಭಾಗ ಇದ್ದ ಹಾಗೆ, ನೋಡಿ.

ವ್ಯಾಪಾರದ ಕಡೆ ಬಂದರೆ ನನಗೆ ಸ್ವಲ್ಪ ಬೇಜಾರಿನ ಅನುಭವವೇ ಇದೆ. ಒಂದು ಸಂಸ್ಥೆಯವರು ಮಾರಾಟದಲ್ಲಿ ಕೊನೆಗೆ ಉಳಿದ ಹತ್ತು ಜನರನ್ನು ಆರಿಸಿ ತರಬೇತಿಗೆ ಕಳಿಸಿದ್ದರು. ಮುಂದಿನ ಮೂರು ತಿಂಗಳಲ್ಲಿ ಅವರ ಮಾರಾಟ ಏರಿತು. ಅದೇ ಹೊತ್ತಿಗೆ ಮೊದಲ ಹತ್ತು ಜನರಿಗೆ ಬಹುಮಾನ ಕೊಟ್ಟಿದ್ದರು, ಅವರ ಮಾರಾಟ ಇಳಿಯಿತು. ತರಬೇತಿ ಗೆದ್ದಿತು, ಹೊಗಳಿಕೆ ಜನರನ್ನು ಸೋಮಾರಿ ಮಾಡಿತು, ಇದು ಅವರ ತೀರ್ಮಾನ. ಆ ಬಹುಮಾನ ಪಡೆದವರನ್ನು ಕರೆದು ಬೈದರಂತೆ. ನನ್ನ ಹತ್ತಿರ ಲೆಕ್ಕ ಬಂದಾಗ ಹಿಂದಿನ ಎರಡು ವರ್ಷದ್ದನ್ನೂ ತರಿಸಿ ನೋಡಿದೆ. ತರಬೇತಿ, ಬಹುಮಾನ ಎರಡೂ ಇಲ್ಲದ ಕಾಲದಲ್ಲೂ ಪ್ರತಿ ಸಲ ಇದೇ ನಡೆದಿತ್ತು. ಕೆಳಗಿದ್ದವರು ಮೇಲೆ ಬರುತ್ತಿದ್ದರು, ಮೇಲಿದ್ದವರು ಸ್ವಲ್ಪ ಕೆಳಗೆ ಇಳಿಯುತ್ತಿದ್ದರು.

ಯಾಕೆ ಅಂದರೆ ಯಾವುದೇ ಮೂರು ತಿಂಗಳ ಮಾರಾಟದಲ್ಲಿ ಸಾಮರ್ಥ್ಯದ ಜೊತೆ ಅದೃಷ್ಟವೂ ಬೆರೆತಿರುತ್ತದೆ. ತೀರಾ ಕೆಳಗೆ ಬಿದ್ದವರಲ್ಲಿ ಅದೃಷ್ಟ ಕೈಕೊಟ್ಟವರು ಜಾಸ್ತಿ ಇರುತ್ತಾರೆ, ಮುಂದಿನ ಸಲ ಅದೇ ಕೆಟ್ಟ ಅದೃಷ್ಟ ಮತ್ತೆ ಬರಬೇಕೆಂದಿಲ್ಲ. ಇದು ದೊಡ್ಡವರನ್ನೂ ಬಿಟ್ಟಿಲ್ಲ. 1933ರಲ್ಲಿ ಹೊರೇಸ್ ಸೆಕ್ರಿಸ್ಟ್ ಎಂಬ ಅಮೆರಿಕದ ಪ್ರಾಧ್ಯಾಪಕರು ನೂರಾರು ಉದ್ಯಮಗಳ ಹತ್ತು ವರ್ಷದ ಲೆಕ್ಕ ಹಿಡಿದು, ಚೆನ್ನಾಗಿದ್ದ ಉದ್ಯಮಗಳೂ ಕೆಟ್ಟದಾಗಿದ್ದವೂ ಸಾಧಾರಣ ಮಟ್ಟದ ಕಡೆಗೇ ಬರುತ್ತಿವೆ, ಪೈಪೋಟಿಯೇ ಇದಕ್ಕೆ ಕಾರಣ ಅಂತ ದೊಡ್ಡ ಪುಸ್ತಕ ಬರೆದರು. ಹೆರಾಲ್ಡ್ ಹೋಟೆಲಿಂಗ್ ಎಂಬ ಗಣಿತಜ್ಞರು ಅದನ್ನು ವಿಮರ್ಶೆ ಮಾಡುತ್ತ, ಇದರಲ್ಲಿ ವ್ಯಾಪಾರದ ನಿಯಮ ಏನೂ ಇಲ್ಲ, ಆ ರೀತಿ ಗುಂಪು ಮಾಡಿದರೆ ಯಾವ ಲೆಕ್ಕದಲ್ಲೂ ಹೀಗೇ ಕಾಣುತ್ತದೆ ಎಂದು ತೋರಿಸಿಕೊಟ್ಟರು. ಅಷ್ಟು ವರ್ಷದ ದುಡಿಮೆ! ಆ ಸಂಸ್ಥೆಯವರಿಗೆ ನಾನು ಹೇಳಿದ್ದು ಇಷ್ಟೇ: ಕೊನೆಯ ಇಪ್ಪತ್ತು ಜನರನ್ನು ತೆಗೆದುಕೊಳ್ಳಿ, ಚೀಟಿ ಎತ್ತಿ ಹತ್ತು ಜನರನ್ನು ತರಬೇತಿಗೆ ಕಳಿಸಿ, ಉಳಿದ ಹತ್ತು ಜನರನ್ನು ಮುಂದಿನ ಸಲ ಕಳಿಸಿ. ಆಗ ತರಬೇತಿಯ ನಿಜವಾದ ಬೆಲೆ ಗೊತ್ತಾಗುತ್ತದೆ. ಬೈಸಿಕೊಂಡವರ ಬಗ್ಗೆ ನನಗೆ ಇನ್ನೂ ಬೇಸರವಿದೆ, ಅವರು ಮಾಡಿದ ತಪ್ಪಾದರೂ ಏನು?

ಇನ್ನೊಂದು ಮಾತು, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತೇವಲ್ಲ, ಅದು. ಸಂಶೋಧನೆಯಲ್ಲಿ ಸಾಮಾನ್ಯವಾಗಿ ಇಟ್ಟುಕೊಂಡ ಗಡಿ ಹೇಗಿದೆ ಅಂದರೆ, ನಿಜವಾಗಿ ಏನೂ ವ್ಯತ್ಯಾಸ ಇಲ್ಲದ 20 ವಿಷಯ ಪರೀಕ್ಷಿಸಿದರೆ ಸರಾಸರಿ ಒಂದರಲ್ಲಿ ವ್ಯತ್ಯಾಸ ಇದ್ದಂತೆ ಕಾಣುತ್ತದೆ. ಆ ಒಂದು ಮಾತ್ರ ಸುದ್ದಿಯಾಗಿ, ಉಳಿದ 19 ಕಪಾಟಿನಲ್ಲಿ ಉಳಿದರೆ? 2015ರಲ್ಲಿ ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ನೂರಾರು ಸಂಶೋಧಕರು ಸೇರಿ ಮತ್ತೆ ಮಾಡಿ ನೋಡಿದರು. ಮೊದಲ ಸಲ ಹೆಚ್ಚುಕಡಿಮೆ ಎಲ್ಲವೂ ಆ ಗಡಿ ದಾಟಿದ್ದವು. ಎರಡನೆಯ ಸಲ ದಾಟಿದ್ದು ಶೇ 36 ಮಾತ್ರ. ಮೊದಲು ಮಾಡಿದವರು ಸುಳ್ಳು ಹೇಳಿದರು ಅಂತ ಇದರ ಅರ್ಥವಲ್ಲ. ಒಂದೇ ಸಲ ಮಾಡಿದ್ದನ್ನು ನಾವು ಬೇಗ ನಂಬಿಬಿಟ್ಟೆವು. ಬೆಳೆಯ ಸಿರಿ ಮೊಳಕೆಯಲ್ಲಿ ಅಂತಾರೆ, ಆದರೆ ತಳಿ ಪರೀಕ್ಷೆ ಮಾಡುವವರು ಒಂದು ಹಂಗಾಮು ನೋಡಿ ಸುಮ್ಮನಾಗುವುದಿಲ್ಲ, ಹಲವು ಜಾಗ, ಹಲವು ಹಂಗಾಮು ನೋಡುತ್ತಾರೆ. ಮಳೆ ಚೆನ್ನಾದ ವರ್ಷ ಎಲ್ಲ ತಳಿಯೂ ಜಾಣನೇ ಅಲ್ವಾ.

ಸಂಶೋಧಕರನ್ನು ಅಳೆಯುವಾಗಲೂ ಇದೇ ಪ್ರಶ್ನೆ ಕೇಳಬೇಕು. ಎಷ್ಟು ಪ್ರಬಂಧ ಬರೆದರು, ಅವನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬ ಲೆಕ್ಕದಿಂದ ಒಂದು ಅಂಕ ಕೊಡುವ ಪದ್ಧತಿ ಇದೆ, 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಸೂಚಿಸಿದ ಎಚ್-ಇಂಡೆಕ್ಸ್ ಅದರಲ್ಲಿ ಹೆಸರಾದದ್ದು. ಗಣಿತದಲ್ಲಿ ಉಲ್ಲೇಖ ಕಡಿಮೆ, ವೈದ್ಯಕೀಯದಲ್ಲಿ ಜಾಸ್ತಿ. ಇಬ್ಬರನ್ನೂ ಒಂದೇ ಪಟ್ಟಿಯಲ್ಲಿ ಹಾಕುವುದು ಗೋಧಿಯ ಇಳುವರಿಯನ್ನು ಕಬ್ಬಿನ ಇಳುವರಿಗೆ ಹೋಲಿಸಿದ ಹಾಗೆ. ಒಂದು ಬೆಳೆ ತಳಿ ರೂಪಿಸಲು ಹಲವು ವರ್ಷ ಬೇಕು, ಆ ನಡುವೆ ಪ್ರತಿ ವರ್ಷ ಪ್ರಬಂಧ ಎಲ್ಲಿ ಅಂತ ಕೇಳಿದರೆ ಅವರು ಹೊಲ ಬಿಟ್ಟು ಬರೆಯಲು ಕೂರುತ್ತಾರೆ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ಪ್ರಕಾಶಕರು ಒಂದು ಘೋಷಣೆ ಸಿದ್ಧಪಡಿಸಿ, ಪ್ರಬಂಧ ಯಾವ ನಿಯತಕಾಲಿಕದಲ್ಲಿ ಬಂತು ಎಂಬ ಅಂಕ ಹಿಡಿದು ಸಂಶೋಧಕರ ಯೋಗ್ಯತೆ ಅಳೆಯಬೇಡಿ ಎಂದು ಕೇಳಿಕೊಂಡರು. ಅದಕ್ಕೆ ಸಾವಿರಾರು ಜನ ಸಹಿ ಹಾಕಿದ್ದಾರೆ. ಇದರ ಬಗ್ಗೆ ಬೇರೆಯೇ ಪತ್ರ ಬರೆಯಬಹುದು, ಇಲ್ಲಿಗೆ ಬಿಡುತ್ತೇನೆ.

ಈಗ ನನ್ನ ಕೋರಿಕೆ. ಸಂಶೋಧನೆಯ ಸುದ್ದಿ ಹಾಕುವಾಗ ಕೆಳಗೆ ಪುಟ್ಟದಾಗಿ ಮೂರು ನಾಲ್ಕು ಸಾಲು ಸೇರಿಸಿ. ಯಾವುದಕ್ಕೆ ಹೋಲಿಸಿದರು, ಎಷ್ಟು ತಾಕು ಅಥವಾ ಎಷ್ಟು ಶಾಲೆ ಅಥವಾ ಎಷ್ಟು ಅಂಗಡಿ, ಯಾರಿಗೆ ಹೊಸದು ಯಾರಿಗೆ ಹಳೆಯದು ಎಂದು ಹೇಗೆ ಹಂಚಿದರು, ಎಷ್ಟು ಸಲ ಮಾಡಿ ನೋಡಿದರು. ಶೇಕಡಾವಾರಿನ ಜೊತೆ ನಿಜವಾದ ಸಂಖ್ಯೆಯೂ ಇರಲಿ, ಎರಡು ಮೂರಾದರೂ ಶೇ 50 ಏರಿಕೆಯೇ, 200 ಮುನ್ನೂರಾದರೂ ಶೇ 50 ಏರಿಕೆಯೇ. ಪ್ರಯೋಗ ಮಾಡಿ ಏನೂ ವ್ಯತ್ಯಾಸ ಕಾಣಲಿಲ್ಲ ಎಂಬ ಸುದ್ದಿಗೂ ಜಾಗ ಕೊಡಿ. ಬೀಜ ಕೊಳ್ಳಲು ಹೊರಟ ರೈತನಿಗೆ, ಹೊಸ ವಿಧಾನ ಹೇಳಿಸಿಕೊಂಡ ಶಿಕ್ಷಕಿಗೆ ಅದು ಗೆದ್ದ ಸುದ್ದಿಯಷ್ಟೇ ಮುಖ್ಯ. ನಿಮ್ಮ ವರದಿಗಾರರಿಗೆ ಈ ಪ್ರಶ್ನೆ ಕೇಳಲು ಫೋನಿನಲ್ಲಿ ಐದು ನಿಮಿಷ ಸಾಕು, ಸರಿಯಾಗಿ ಪ್ರಯೋಗ ಮಾಡಿದವರು ಖುಷಿಯಿಂದ ವಿವರ ಹೇಳುತ್ತಾರೆ, ಅದು ನನ್ನ ಅನುಭವ. ಕೇಳಿದರೂ ಹೇಳಲಿಲ್ಲ ಅಂದರೆ, ಕೇಳಿದೆವು, ಹೇಳಲಿಲ್ಲ ಅಂತಲೇ ಆ ಸಾಲಿನಲ್ಲಿ ಹಾಕಿ.

ಇತಿ,
ನಿಮ್ಮ ಖಾಯಂ ಓದುಗ