ಗಾಳಿಯ ವೇಗದ ಜೊತೆ ನೀರಿನ ಎತ್ತರವನ್ನೂ ತಿಳಿಸಿ

ಮಾನ್ಯರೇ,

ಹರಿಕೇನ್ (ಅಟ್ಲಾಂಟಿಕ್ ಕಡೆಯ ಚಂಡಮಾರುತ) ಸುದ್ದಿಯಲ್ಲಿ ಎದ್ದು ಕಾಣುವುದು 1ರಿಂದ 5ರವರೆಗಿನ ಅದರ ‘ಕೆಟಗರಿ’. ಅದು ಗಾಳಿಯ ವೇಗದ ಅಳತೆ ಮಾತ್ರ. ಕಡಲು ಎಷ್ಟು ಉಕ್ಕುತ್ತದೆಂದು ಹೇಳುವುದಿಲ್ಲ. 2005ರಲ್ಲಿ ಕತ್ರಿನಾ ಹರಿಕೇನ್ ಅಮೆರಿಕದ ಮಿಸಿಸಿಪ್ಪಿ ತೀರ ಮುಟ್ಟುವಾಗ ಕೆಟಗರಿ 3ಕ್ಕೆ ಇಳಿದಿತ್ತು. ಆದರೂ ಅಲ್ಲಿ ನೀರು 8 ಮೀಟರಿಗೂ ಮೇಲೆ ಏರಿತು. ಚಂಡಮಾರುತದ ವಿಸ್ತಾರ ದೊಡ್ಡದಿತ್ತು, ಆಳವಿಲ್ಲದ ಕಡಲತಳ ಬಹುದೂರ ಚಾಚಿತ್ತು.

ನೀರಿನ ಏರಿಕೆಯನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗೆ ಚಂಡಮಾರುತದ ಕೇಂದ್ರದ ಒತ್ತಡ, ಗರಿಷ್ಠ ಗಾಳಿಯ ತ್ರಿಜ್ಯ (ಕೇಂದ್ರದಿಂದ ಗಾಳಿ ಅತಿ ಜೋರಾಗಿರುವ ಜಾಗಕ್ಕಿರುವ ದೂರ), ಸಾಗುವ ದಾರಿ, ವೇಗ ಎಲ್ಲವೂ ಬೇಕು. ಒತ್ತಡ 1 ಹೆಕ್ಟೊಪ್ಯಾಸ್ಕಲ್ ಕುಸಿದರೆ ನೀರು ಏರುವುದು ಸುಮಾರು 1 ಸೆಂ.ಮೀ. ಅಷ್ಟೇ, ಬಹುಪಾಲು ಗಾಳಿ ತಳ್ಳಿ ತಂದದ್ದು.

ಲೆಕ್ಕ ಎಡವುವುದು ಹೆಚ್ಚಾಗಿ ನೆಲದ ದತ್ತಾಂಶದಲ್ಲಿ. ಮಾದರಿ ನಕ್ಷೆಯನ್ನು ಚೌಕಗಳ ಜಾಲರಿಯಾಗಿ ಹಂಚಿ, ಒಂದೊಂದು ಚೌಕಕ್ಕೂ (ಕೋಶಕ್ಕೂ) ಒಂದೇ ಎತ್ತರ ಕೊಡುತ್ತದೆ. ಕೋಶ 200 ಮೀಟರ್, ತಡೆಗೋಡೆಯ ಅಗಲ 10 ಮೀಟರ್ ಇದ್ದರೆ ಎತ್ತರದ ಸರಾಸರಿಯಲ್ಲಿ ಗೋಡೆಯೇ ಮಾಯ! ಅದರ ಹಿಂದಿನ ಊರು ಮುಳುಗಿದಂತೆ ನಕ್ಷೆ ತೋರಿಸುತ್ತದೆ. ಗೋಡೆಯ ನೆತ್ತಿಯ ಮಟ್ಟವನ್ನು ಕೋಶದ ಅಂಚಿಗೆ ಬೇರೆಯಾಗಿಯೇ ಕೊಡಬೇಕು. ಕಡಲಾಳ, ನೆಲದೆತ್ತರ ಎರಡನ್ನೂ ಒಂದೇ ಮೂಲಮಟ್ಟಕ್ಕೆ (ಎತ್ತರ ಅಳೆಯಲು ಸೊನ್ನೆಯೆಂದು ಹಿಡಿದ ಮಟ್ಟಕ್ಕೆ) ತರದೆ ಜೋಡಿಸುವುದೂ ಅಪಾಯ: ಸಮತಟ್ಟಾದ ತಗ್ಗು ತೀರದಲ್ಲಿ ಅರ್ಧ ಮೀಟರಿನ ತಪ್ಪು ಕಿಲೋಮೀಟರುಗಟ್ಟಲೆ ಒಳನಾಡನ್ನು ತಪ್ಪಾಗಿ ತೋರಿಸಬಲ್ಲದು.

ದಯವಿಟ್ಟು ಕೆಟಗರಿಯ ಜೊತೆಗೆ ನೆಲದ ಮೇಲೆ ನಿಲ್ಲಬಹುದಾದ ನೀರಿನ ಎತ್ತರವನ್ನೂ, ಚಂಡಮಾರುತದ ಹಲವು ಸಂಭಾವ್ಯ ದಾರಿಗಳಿಗೆ ಹಾಕಿದ ಲೆಕ್ಕದ ಕನಿಷ್ಠ–ಗರಿಷ್ಠವನ್ನೂ ಅಚ್ಚುಮಾಡಿ.