ಆಟೋ ಕಾಂಪ್ಲೆಕ್ಸಿನ ಆ ಹಿರಿಯರಿಗೆ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಹಳೇ ಪಿಕಪ್ಪಿನ ಬಾನೆಟ್ ಎತ್ತಿಸಿ ನೋಡಿದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ಬಸ್ಸಿಗೆ ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ದೊಡ್ಡಪ್ಪ ಅಡಿಕೆ ಮೂಟೆ ಹೇರುತ್ತಿದ್ದ ಗಾಡಿ ಅದು. ಲಾಂಛನ ಉದುರಿ, ಬಣ್ಣದ ಮೇಲೆ ಬಣ್ಣ ಬಳಿದು, ಯಾವ ಕಂಪನಿಯದೆಂದೇ ಗುರುತು ಸಿಗದ ಸ್ಥಿತಿ. ಗುಜರಿಯವರು ತೂಕಕ್ಕೆ ಕೇಳುತ್ತಿದ್ದರು. ನೀವು ಮುಂದಿನಿಂದ ನೋಡಿದಿರಿ, ಬಾಗಿಲು ತೆಗೆದು ಮುಚ್ಚಿದಿರಿ, ಆಮೇಲೆ ಗ್ರೀಸು ಒರೆಸಿ ತಗಡಿನ ಫಲಕ ತೋರಿಸಿದಿರಿ: ಟೆಲ್ಕೊ! ಟಾಟಾ ಮೋಟರ್ಸಿನ ಹಳೇ ಹೆಸರು ಅದು. ಈಗಿನ ಹೆಸರು ಬಂದದ್ದು 2003ರಲ್ಲಿ, ಗಾಡಿ ಅದಕ್ಕೂ ಹಿಂದಿನದು ಎಂಬುದು ಅಲ್ಲಿಗೇ ಇತ್ಯರ್ಥ. "1988ರಲ್ಲಿ ಶುರುವಾದ ಟಾಟಾಮೊಬೈಲ್ ಮಾರಾಯ. 1991ರ ಸಿಯೆರಾ ಕಾರು ಹುಟ್ಟಿದ್ದೇ ಇದರಿಂದ, ಮೂತಿ ಹೋಲಿಸಿ ನೋಡು" ಎಂದಿರಿ. ಮನೆಗೆ ಬಂದು ಫೋಟೊ ಇಟ್ಟು ನೋಡಿದೆ. ಒಂದೇ ತಾಯಿಯ ಮಕ್ಕಳು!

ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಲು ಹೇಳಿದ್ದೂ, ಮಳೆ ಹಿಡಿಯುವ ಮೊದಲು ಕ್ಯಾಬಿನ್ ತಳದ ತುಕ್ಕು ಕೆರೆಸಲು ಹೇಳಿದ್ದೂ ನೀವೇ. ನಮ್ಮೂರಿನ ಮಳೆಗೆ ಎರಡನೆಯದೇ ಹೆಚ್ಚು ತುರ್ತು. ಕೆಲಸ ನಡೆಯುತ್ತಿದೆ, ಗುಜರಿಯವರನ್ನು ವಾಪಸ್ ಕಳಿಸಿದ್ದಾಗಿದೆ.

ತುಂಬಾ ಉಪಕಾರವಾಯಿತು. ತೀರ್ಥಹಳ್ಳಿ ಕಡೆ ಬಂದರೆ ದಯವಿಟ್ಟು ಮನೆಗೆ ಬನ್ನಿ. ಅವತ್ತು ಬೇಡವೆಂದ ಕಾಫಿ ಬಾಕಿ ಇದೆ.